ಬೆರಳಿಗೆ ಗೊತ್ತಾಗದ ಸಲಾಕೆ

೧೯೯೪ರಲ್ಲಿ ಏಳನೇ ಕ್ಲಾಸು ಮುಗಿಸಿ ನಾನು ಓದು ಬಿಟ್ಟೆ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಸಾಗಿದ್ದೆ. ಅಪ್ಪನ ಗೊಂಬೆ ಮೇಳಕ್ಕೆ ಒಂದು ಆಳು ಕಡಿಮೆ ಬಿತ್ತು, ನಾನು ತಲೆಗೆ ಸಿಂಬೆ ಇಟ್ಟುಕೊಂಡೆ.

ನಮ್ಮ ಕಡೆಯ ಗೊಂಬೆಯಾಟ ನೋಡದವರಿಗೆ ಸಿಂಬೆ ಅಂದರೆ ಏನೆಂದು ಹೇಳಬೇಕು. ಬಟ್ಟೆ ಸುತ್ತಿದ ಬಳೆಯಂಥದ್ದು, ಆಡಿಸುವವನ ತಲೆಯ ಮೇಲೆ ಕೂರುತ್ತದೆ. ಗೊಂಬೆಯ ದಾರಗಳೆಲ್ಲ ಅದಕ್ಕೇ ಕಟ್ಟಿರುತ್ತವೆ. ಅಂದರೆ ಗೊಂಬೆಯ ಭಾರ ಹೊರುವುದು ಕೈಯಲ್ಲ, ಕತ್ತು. ಕೈಯಲ್ಲಿ ಎರಡು ಕಬ್ಬಿಣದ ಸಲಾಕೆ ಇರುತ್ತವೆ, ಅವುಗಳ ತುದಿಗೆ ಗೊಂಬೆಯ ಎರಡು ಕೈ. ನಾವು ಹಿಂದೆ, ಮೇಲೆ ನಿಂತಿರುತ್ತೇವೆ. ಗೊಂಬೆಯ ಮುಖ ನಮಗೆ ಕಾಣುವುದೇ ಇಲ್ಲ. ಕಾಣುವುದು ಕಿರೀಟದ ಹಿಂಭಾಗ ಮಾತ್ರ. ಮಿಕ್ಕಿದ್ದು ಬೆರಳಿಗೆ ಗೊತ್ತಾಗಬೇಕು.

ನನ್ನ ಬೆರಳಿಗೆ ಎಲ್ಲ ಗೊತ್ತಾಗುತ್ತಿತ್ತು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ, ಬಸ್ಸಿನಲ್ಲೇ ಕಣ್ಣು ಮುಚ್ಚಿ ಒಂದಿಷ್ಟು ನಿದ್ದೆ ತೆಗೆದು, ಸಂಜೆ ಆಟಕ್ಕೆ ನಿಂತವನು ನಾನು. ಮೇಳದಲ್ಲೇ ಹೆಚ್ಚು ಭಾರದ್ದು ನಮ್ಮ ರಕ್ಕಸಿ ಗೊಂಬೆ. ತಾತ ಅದನ್ನು ಒಳಗೆ ಪೊಳ್ಳು ಬಿಡದೆ ಕೆತ್ತಿದ್ದ. ಬೇರೆಯವರು ಅರ್ಧ ಗಂಟೆಗೆ ಇಳಿಸಿಕೊಳ್ಳುತ್ತಿದ್ದ ಅದನ್ನು ನಾನು ಒಂದೂವರೆ ಗಂಟೆ ಕುಣಿಸುತ್ತಿದ್ದೆ. ಆ ಜಂಬ ಕತ್ತಿನೊಳಗೆ ಏನು ಮಾಡುತ್ತಿದೆ ಎಂದು ನಾನು ಯೋಚಿಸಿರಲಿಲ್ಲ.

ಒಂದು ದಿನ ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ಮಾತಾಡುತ್ತಾ ನಿಂತಿದ್ದೆ. ಪಕ್ಕದ ಮಿಷಿನ್ನಿನವನು ನನ್ನ ಕೈಯನ್ನೇ ನೋಡುತ್ತಿದ್ದ. ಆಗಷ್ಟೇ ಕುದಿಯುವ ಟೀ ಹಾಕಿದ ಸ್ಟೀಲ್ ಲೋಟ, ಅವನು ಅದನ್ನು ಕರ್ಚೀಫಿನಲ್ಲಿ ಹಿಡಿದಿದ್ದ. ನಾನು ಬರಿಗೈಯಲ್ಲಿ.

“ಏನ್ ಗುರು, ಗೊಂಬೆ ಆಡ್ಸೀ ಆಡ್ಸೀ ನಿಂದೂ ಮರದ ಕೈ ಆಗೋಯ್ತಾ?” ಅಂದ.

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಕಚ್ಚಿ ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಬೇರೆ ಯಾರದೋ ಬೆರಳಿನ ಹಾಗಿದ್ದವು. ಹಲ್ಲಿನ ಗುರುತು ಬಿದ್ದಿತ್ತು, ನೋವಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಡಾಕ್ಟರಿಗೆ ತೋರಿಸಿದೆ. ಕತ್ತಿನ ಮೂಳೆ ನರವನ್ನು ಒತ್ತುತ್ತಿದೆ, ತಲೆ ಮೇಲೆ ಭಾರ ಹೊರಲೇಬೇಡಿ ಎಂದರು. ಏನು ಕೆಲಸ ಎಂದು ಕೇಳಿದ್ದಕ್ಕೆ ಫ್ಯಾಕ್ಟರಿ ಎಂದಷ್ಟೇ ಹೇಳಿದೆ. ಗೊಂಬೆಯ ಸುದ್ದಿ ಎತ್ತಲಿಲ್ಲ. ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ಅವಳು ಹುಷಾರಿನವಳು, ಅದಕ್ಕೇ ತಟ್ಟೆಯನ್ನು ಎದೆಗೆ ಹತ್ತಿರ ಎಳೆದುಕೊಂಡು, ಅನ್ನ ಚೆಲ್ಲದ ಹಾಗೆ ಬಲಗೈಯ ಮೇಲೇ ಕಣ್ಣಿಟ್ಟು ತಿನ್ನುತ್ತಿದ್ದೆ. ಕೈಯ ಕಡೆ ನೋಡದಿದ್ದರೆ ತುತ್ತು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಇದಾಗಿ ಎರಡು ವಾರಕ್ಕೆ ಸಿನಿಮಾದವರು ಬಂದರು. ಅರಿಶಿನಕುಂಟೆ ಹತ್ತಿರದ ಒಂದು ಗೋಡೌನಿನಲ್ಲಿ ಸೆಟ್ ಹಾಕಿದ್ದರು. ತೆಗೆಯಬೇಕಾದ ದೃಶ್ಯ ಇಷ್ಟು: ಮಗುವನ್ನು ಕೊಲ್ಲಲು ಬಂದ ರಕ್ಕಸಿ, ತೊಟ್ಟಿಲಿಗೆ ಬಾಗಿ, ಮನಸ್ಸು ಕರಗಿ ಅದರ ಕೆನ್ನೆ ಸವರಿ ಹೋಗುತ್ತಾಳೆ. ಡೈರೆಕ್ಟರ್ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಗ್ರಾಫಿಕ್ಸ್ ಬೇಡ, ನಿಜವಾದ ಮಗು ಬೇಕು, ನಿಜವಾದ ಗೊಂಬೆ ಬೇಕು ಎಂದ. ಇಂಥ ಕೆಲಸ ನೀವಲ್ಲದೆ ಯಾರೂ ಮಾಡಲಾರರು ಎಂದೂ ಸೇರಿಸಿದ. ಆ ಮಾತಿಗೆ ನಾನು ಬಿದ್ದೆ.

ಮಗು ನೆಲಮಂಗಲದ ಒಬ್ಬ ಸಾಬರ ಹೆಣ್ಣುಮಗಳದು. ಎಂಟು ತಿಂಗಳ ಗಂಡು. ಕತ್ತಿನಲ್ಲಿ ಕಪ್ಪು ದಾರದ ತಾಯತ ಇತ್ತು. ತೆಗೆಯಿರಿ ಎಂದು ಸಿನಿಮಾದವರು ಕೇಳಿದರೆ ಆಕೆ ಒಪ್ಪಲಿಲ್ಲ, ಅಂಗಿಯೊಳಗೆ ತೂರಿಸಿದರು. ಆಕೆ ಗೊಂಬೆಯನ್ನು ಬಹಳ ಹೊತ್ತು ನೋಡಿ ನನ್ನ ಹತ್ತಿರ ಬಂದಳು.

“ಭಯ್ಯಾ, ಇದು ಯಾವತ್ತಾದ್ರೂ ಕೈತಪ್ಪಿ ಬಿದ್ದಿದ್ಯಾ?”

“ಮೂವತ್ತು ವರ್ಷ ಆಯ್ತಮ್ಮ. ನನ್ನ ಕೈಯಿಂದ ಒಂದ್ಸಲಾನೂ ಬಿದ್ದಿಲ್ಲ.”

ಹೇಳಿದ್ದು ಸುಳ್ಳಲ್ಲ. ಆದರೆ ಆಕೆ ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ಉದ್ದ ತೋಳಿನ ಅಂಗಿಯೊಳಗೆ ನನ್ನ ಬಲ ಮಣಿಕಟ್ಟಿಗೆ ಸಲಾಕೆಯನ್ನು ಬಟ್ಟೆಪಟ್ಟಿಯಿಂದ ಬಿಗಿದು ಕಟ್ಟಿದ್ದೆ. ಅಪ್ಪ ಮುಪ್ಪಿನಲ್ಲಿ ಹಿಡಿತ ಹೋದಾಗ ಹಾಗೇ ಮಾಡುತ್ತಿದ್ದ. ಸಲಾಕೆ ಜಾರುವುದಿಲ್ಲ. ನಮ್ಮ ರಂಗದಲ್ಲಿ ಗೊಂಬೆಯ ಕೆಳಗೆ ಹಲಗೆ ಬಿಟ್ಟರೆ ಏನೂ ಇರುವುದಿಲ್ಲ, ಕಟ್ಟಿಕೊಂಡರೆ ತಪ್ಪಿಲ್ಲ. ಇಲ್ಲಿ ಕೆಳಗೆ ತೊಟ್ಟಿಲಿತ್ತು.

ನನ್ನ ಕಾಲಿನ ಗೆಜ್ಜೆಯನ್ನೂ ಬಿಚ್ಚಿಸಿದರು, ಮೈಕಿನಲ್ಲಿ ಸದ್ದು ಬರುತ್ತದಂತೆ. ಗೆಜ್ಜೆ ಇಲ್ಲದೆ ನಾನು ಯಾವತ್ತೂ ಆಡಿಸಿದವನಲ್ಲ. ಎಷ್ಟು ಹೆಜ್ಜೆಗೆ ಎಷ್ಟು ಬಾಗಬೇಕು ಎಂಬ ಲೆಕ್ಕವೆಲ್ಲ ಅದರಲ್ಲೇ ಇತ್ತು.

ಮೊದಲ ಎರಡು ಸಲ ಸರಿಯಾಗಿ ಬಂತು. ಮಗು ಗೊಂಬೆ ನೋಡಿ ಗಿಲಿಗಿಲಿ ನಕ್ಕಿತು. ನನ್ನ ಬೆನ್ನೆಲ್ಲ ಬೆವರು. ಸಾಕು ಅನ್ನುತ್ತಾರೇನೋ ಎಂದು ಕಾದೆ. ಇನ್ನೊಂದು ಸಲ ಅಂದರು.

ಮೂರನೇ ಸಲ ಬಾಗಿದೆ, ಬಲ ಸಲಾಕೆ ಇಳಿಸಿದೆ, ಮನಸ್ಸಿನಲ್ಲೇ ಎರಡು ಎಣಿಸಿ ಮೇಲೆತ್ತಲು ಶುರು ಮಾಡಿದೆ. ಒಂದು ಬೆರಳಷ್ಟು ಎತ್ತಿರಬೇಕು. ತಲೆಯ ಮೇಲೆ ಸಿಂಬೆ ಬಲಕ್ಕೆ ವಾಲಿತು.

ಸಿಂಬೆ ಸುಮ್ಮನೆ ವಾಲುವುದಿಲ್ಲ. ಗೊಂಬೆಯ ಬಲಗೈ ಎಲ್ಲೋ ಸಿಕ್ಕಿಕೊಂಡು, ಅದರ ಮೈ ಓರೆಯಾದರೆ ಮಾತ್ರ ವಾಲುತ್ತದೆ. ಕೈಗೆ ಏನೂ ಗೊತ್ತಾಗಿರಲಿಲ್ಲ, ಕತ್ತು ಹೇಳಿತು. ಅದೇ ಹೊತ್ತಿಗೆ ಮಗುವಿನ ನಗು ನಿಂತಿತು. ಅತ್ತಿದ್ದರೆ ವಾಸಿಯಿತ್ತು, ಅದು ಅಳಲೂ ಇಲ್ಲ.

ನನಗೆ ಕಾಣುತ್ತಿದ್ದದ್ದು ಕಿರೀಟದ ಹಿಂಭಾಗ ಮಾತ್ರ. ಎತ್ತಿದರೆ ಏನಾಗುತ್ತದೋ ತಿಳಿಯದು. ಇಳಿಸಿದರೆ ಆ ಮರದ ಭಾರವೆಲ್ಲ ಮಗುವಿನ ಎದೆಗೆ. ಬಿಟ್ಟುಬಿಡೋಣವೆಂದರೆ ಸಲಾಕೆ ನನ್ನ ಕೈಗೇ ಕಟ್ಟಿದೆ. ಸುತ್ತ ಇಪ್ಪತ್ತು ಮೂವತ್ತು ಜನ, ಯಾರೂ ಉಸಿರೆತ್ತುತ್ತಿಲ್ಲ. ಸದ್ದು ಮಾಡಬಾರದೆಂದು ಅವರಿಗೆ ಹೇಳಿದ್ದಾರೆ. ರಕ್ಕಸಿಯ ಕೈ ಅಲ್ಲಿ ನಿಂತಿದ್ದು ಆಟದ ಭಾಗವೆಂದೇ ಅವರು ತಿಳಿದಿದ್ದರು. ಆಡುವಾಗ ಆಟ ನಿಲ್ಲಿಸಬಾರದು ಎನ್ನುವುದು ಅಪ್ಪ ನನಗೆ ಕಲಿಸಿದ ಮೊದಲ ಮಾತು. ಕೊನೆಗೆ ಕೂಗಿಬಿಟ್ಟೆ.

“ಅಮ್ಮಾ, ಬಂದು ಮಗೂನ ಹಿಡ್ಕೊಳ್ಳಿ. ನನ್ನ ಬಲಗೈಗೆ ಏನೂ ಗೊತ್ತಾಗ್ತಿಲ್ಲ.”

ಆಕೆ ಬಂದಿದ್ದು ಕಾಣಲಿಲ್ಲ, ಬಳೆಯ ಸದ್ದು ಕೇಳಿತು. ಗೊಂಬೆಯ ಮರದ ಬೆರಳು ತಾಯತದ ದಾರದೊಳಗೆ ಹೊಕ್ಕಿತ್ತಂತೆ. ದಾರ ಗಂಟಲಿಗೆ ಬಿಗಿದಿತ್ತಂತೆ. ಆಕೆ ಕತ್ತರಿಗೆ ಕಾಯದೆ ಅದನ್ನು ಹಲ್ಲಿನಲ್ಲಿ ಕಚ್ಚಿ ಕಡಿದಳು. ಆಮೇಲೆ ಮಗು ಅತ್ತಿತು. ಇಬ್ಬರು ಬಂದು ಸಿಂಬೆ ಇಳಿಸಿದರು.

ಎಲ್ಲರ ಮುಂದೆ ಅಂಗಿಯ ತೋಳು ಮಡಿಸಿ ಪಟ್ಟಿ ಬಿಚ್ಚಿದೆ. ಡೈರೆಕ್ಟರ್ ಎಷ್ಟು ದಿನದಿಂದ ಹೀಗೆ ಎಂದು ಕೇಳಿದ. ಎರಡು ವಾರ ಎಂದೆ. ಅವನು ಬೈಯಲಿಲ್ಲ, ಕುರ್ಚಿಯಲ್ಲಿ ಕೂತು ತಲೆ ಹಿಡಿದುಕೊಂಡ. ಮಗುವಿನ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತ್ತು. ಅದನ್ನು ಸೆರಗಿನಿಂದ ಒತ್ತುತ್ತಾ ಆಕೆ ನನ್ನ ಕಡೆ ತಿರುಗಿದಳು.

“ನಾನು ಬಾಯಿಬಿಟ್ಟು ಕೇಳಿದ್ನಲ್ಲಾ ಭಯ್ಯಾ. ಆಗ್ಲೇ ಹೇಳ್ಬೋದಿತ್ತಲ್ಲ.”

ನಾನು ತಲೆ ತಗ್ಗಿಸಿದೆ. ಜೀವನದಲ್ಲಿ ಯಾರ ಮುಂದೆಯೂ ಹಾಗೆ ನಿಂತವನಲ್ಲ.

ಅವತ್ತೇ ಹೆಂಡತಿಗೆ ಹೇಳಿದೆ, ಡಾಕ್ಟರಿಗೂ ಹೇಳಿದೆ. ಆಮೇಲೆ ಸಿಂಬೆ ಮುಟ್ಟಿಲ್ಲ. ಈಗ ರಕ್ಕಸಿಯನ್ನು ಆಡಿಸುವವನು ಬೂದಿಗೆರೆಯಲ್ಲಿರುವ ನನ್ನ ಬಾಮೈದ. ನಾನು ಜನರ ಜೊತೆ ಮುಂದೆ ಕೂತು ಅವನ ಆಟದ ತಪ್ಪು ಗುರುತಿಸಿ ಹೇಳುತ್ತೇನೆ. ಮೊದಲ ಸಲ ಹಾಗೆ ಕೂತಾಗ ರಕ್ಕಸಿ ಕಣ್ಣರಳಿಸಿಕೊಂಡು ನನ್ನ ಮೇಲೇ ಬಂದಳು. ಮೂವತ್ತು ವರ್ಷ ಕುಣಿಸಿದ ಗೊಂಬೆ ಕುಣಿಯುವಾಗ ಹೇಗೆ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿಕೊಂಡೆ. ಈಗಲೂ ಚಿಕ್ಕ ಮಕ್ಕಳು ಹತ್ತಿರ ಬಂದರೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತೇನೆ.

ನನ್ನ ಹತ್ತಿರ ಈಗ ಇರುವುದು: ಗೊಂಬೆ ಹನ್ನೊಂದು, ಸಿಂಬೆ ನಾಲ್ಕು, ಫ್ಯಾಕ್ಟರಿ ಕೆಲಸ ಒಂದು, ಬಿಸಿ ತಣ್ಣಗೆ ಗೊತ್ತಾಗುವ ಬೆರಳು ಏಳು.