ಬಿಸಿಲಿಗಿಟ್ಟ ಬಾಟಲಿ

ಮೊನ್ನೆ ಗಾಲ್ವೇಯಲ್ಲಿ ಗೆಳತಿಯ ಮನೆಯ ಊಟಕ್ಕೆ ಹೋದಾಗ ಯಾರೋ ಕೆಂಪು ವೈನಿನ ಬಿರಡೆ ತೆಗೆದರು. ಒದ್ದೆ ಮರ, ಒಣದ್ರಾಕ್ಷಿ, ಹಳೆಯ ಚರ್ಮದ ಚೀಲ ಎಲ್ಲ ಕಲೆತಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಡಬ್ಲಿನ್ನಿನ ಬ್ಯೂಮಾಂಟಿನಲ್ಲಿದ್ದ ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನ ಮುಂದೆ ನಿಂತಿದ್ದೆ. ಆ ಗೂಡಿನಲ್ಲಿ ಎರಡೇ ವಸ್ತುಗಳಿಗೆ ಮರ್ಯಾದೆ: ಅಜ್ಜಿಯ ಮಾವಿನಕಾಯಿ ಉಪ್ಪಿನಕಾಯಿ ಜಾಡಿಗೆ, ಪಿಲಾರ್ ಆಂಟಿಯ ಬಾಟಲಿಗೆ. ಮಿಕ್ಕದ್ದೆಲ್ಲ ಛತ್ರಿ, ಹಳೆ ಬೂಟು.

ಪಿಲಾರ್ ಆಂಟಿ ಅಮ್ಮನ ಜೊತೆ ಆಸ್ಪತ್ರೆಯಲ್ಲಿ ನರ್ಸ್. ಬಾಡಿಗೆ ಹಂಚಿಕೊಂಡು ನಮ್ಮ ಮುಂದಿನ ಕೋಣೆಯಲ್ಲಿದ್ದರು. ಅಜ್ಜಿ ಬೆಂಗಳೂರಿನಿಂದ ನಮ್ಮನ್ನು ನೋಡಿಹೋಗಲು ಬಂದು, ಕೊರೋನಾದಿಂದ ವಿಮಾನ ನಿಂತು, ನಮ್ಮಲ್ಲೇ ಉಳಿದುಬಿಟ್ಟಿದ್ದರು. ಸ್ಪೇನಿನ ರಿಯೋಹಾದಲ್ಲಿ ಆಂಟಿಯ ಮುತ್ತಜ್ಜ ಕಟ್ಟಿದ, ವೈನ್ ತಯಾರಿಸುವ ಮನೆ, ದ್ರಾಕ್ಷಿ ತೋಟ ಇದ್ದವು. ಬಾಟಲಿಯ ಚೀಟಿಯ ಮೇಲೆ ಮನೆತನದ ಹೆಸರು, ಮೀಸೆಯ ಮುತ್ತಜ್ಜನ ಚಿತ್ರ. ಮನೆಯಲ್ಲಿ ಮಗು ಹುಟ್ಟಿದರೆ ಆ ವರ್ಷದ ವೈನಿನಲ್ಲಿ ಕೆಲವು ಬಾಟಲಿ ಮಗುವಿನ ಹೆಸರಿಗೆ ತೆಗೆದಿಡುವುದು ಅವರ ಪದ್ಧತಿ. ಆಂಟಿಯ ಪಾಲಿನದರಲ್ಲಿ ಇದೊಂದೇ ಉಳಿದಿತ್ತು. ಓಡಾಟ ಶುರುವಾದ ಮೇಲೆ ಊರಿಗೆ ಒಯ್ದು, ಅಣ್ಣನ ಜೊತೆ ಕೂತು ತೆಗೆಯಬೇಕೆಂದು ಇಟ್ಟುಕೊಂಡಿದ್ದರು. ದ್ರಾಕ್ಷಿ ಕೊಯ್ಲಿಗೆ ನಮ್ಮನ್ನೂ ಕರೆದೊಯ್ಯುವ ಮಾತಿತ್ತು. ಹೆಂಡವೆಂದರೆ ಮೂಗು ಮುರಿಯುತ್ತಿದ್ದ ಅಜ್ಜಿ ಕೂಡ, "ಹಳೇದಾದಷ್ಟೂ ರುಚಿ ಅಂದ್ರೆ ಅದೂ ಉಪ್ಪಿನಕಾಯಿ ಜಾತೀದೇ ಬಿಡು" ಎಂದು ಅದರೊಡನೆ ರಾಜಿಯಾಗಿದ್ದರು.

ಒಂದು ದಿನ ಡಬ್ಲಿನ್ನಿಗೆ ಅಪರೂಪಕ್ಕೆ ಬಿಸಿಲು ಬಂತು. ಹಪ್ಪಳ ಕೂಡ ಒಣಗದಂಥ ಬಿಸಿಲು, ಆದರೂ ಅಜ್ಜಿ ಬಿಡಲಿಲ್ಲ. ಬೂಷ್ಟು ಹಿಡಿಯಬಾರದೆಂದು ಜಾಡಿಯನ್ನು ಹಿತ್ತಲ ಗೋಡೆಯ ಮೇಲಿಟ್ಟರು. ಪಾಪ, ಪಕ್ಕದಲ್ಲೇ ಬಾಟಲಿಯನ್ನೂ ಇಟ್ಟರು. ಕೆಲಸ ಮುಗಿಸಿ ಬಂದ ಆಂಟಿ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಬಯ್ಯಲಿಲ್ಲ. ಫೋಟೋ ತೆಗೆದು, ಬಿಸಿಲಿಗೆ ವೈನ್ ಕೆಟ್ಟಿರಬಹುದೇ ಎಂದು ಅಣ್ಣನಿಗೆ ಕಳಿಸಿದರು. ಬಂದ ಉತ್ತರವನ್ನು ಅಮ್ಮನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದರು: ಒಂದು ಬಾಟಲಿಗೆ ಯಾಕೆ ಚಿಂತೆ, ಹೇಗೂ ಮನೆ, ತೋಟ, ಹೆಸರು ಎಲ್ಲ ಮಾರಿಯಾಯಿತು, ನಿನಗೆ ಹೇಳಬೇಕೆಂದಿದ್ದೆ. ಐರ್ಲೆಂಡಿಗೆ ಬರುವಾಗ ತನ್ನ ಪಾಲನ್ನೂ ನೋಡಿಕೋ ಎಂದು ಅಣ್ಣನಿಗೇ ಅಧಿಕಾರ ಕೊಟ್ಟು ಬಂದಿದ್ದರು ಆಂಟಿ. ನಂಬಿಸಿ ಕತ್ತು ಕೊಯ್ಯುವುದು ಎಂಬ ಮಾತನ್ನು ಕೇಳಿದ್ದೆ. ಕಣ್ಣಾರೆ ನೋಡಿದ್ದು ಅಂದೇ. ಹದಿಮೂರರ ನನಗೂ, ನೋಡದ ಆ ತೋಟವನ್ನು ಯಾರೋ ಕಸಿದುಕೊಂಡಷ್ಟು ಸಿಟ್ಟು ಬಂದಿತ್ತು.

ಆ ಸಂಜೆಯೇ ಆಂಟಿ ಬಾಟಲಿ ತೆಗೆದರು. ನಮ್ಮ ಸ್ಟೀಲ್ ಲೋಟದಲ್ಲೇ ಸುರಿದುಕೊಂಡು ಒಂದು ಗುಟುಕು ಕುಡಿದು, ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಅಡುಗೆಮನೆಯ ಮೇಜಿಗೆ ತಲೆ ಊರಿ ಅತ್ತರು. ಅಜ್ಜಿಯ ಮುಖ ಸಣ್ಣದಾಯಿತು.

"ನಾನೇ ಕೆಡಿಸಿಬಿಟ್ಟೆ ಕಣೇ."

"ಇಲ್ಲ ಅಜ್ಜಿ, ತುಂಬಾ ಚೆನ್ನಾಗಿದೆಯಂತೆ. ಅದಕ್ಕೇ ಅಳ್ತಿದ್ದಾರೆ."

"ಚೆನ್ನಾಗಿದ್ರೆ ಯಾರಾದ್ರೂ ಅಳ್ತಾರೇನೆ?"

ಅಣ್ಣನ ಕಥೆಯನ್ನು ಎಷ್ಟು ಬಿಡಿಸಿ ಹೇಳಿದರೂ ಅಜ್ಜಿ ನಂಬಲಿಲ್ಲ. ತನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆ ಎಂದುಕೊಂಡರು. ಒಡಹುಟ್ಟಿದವರು ಹಾಗೆ ಮಾಡುವುದುಂಟೇ ಎಂಬುದು ಅವರ ವಾದ. ಆಮೇಲೆ ಆಂಟಿ ಬೇರೊಂದು ಊರಿನಲ್ಲಿ ಕೆಲಸ ಹಿಡಿದು ಹೋದರು. ವಿಮಾನ ಶುರುವಾದ ಮೇಲೆ ಅಜ್ಜಿ ಬೆಂಗಳೂರಿಗೆ ಹೋದರು, ಹೋದವರು ಹೆಚ್ಚು ದಿನ ಉಳಿಯಲಿಲ್ಲ. ಕೊನೆಯ ಫೋನಿನಲ್ಲೂ ಕೇಳಿದ್ದು ಅದನ್ನೇ: "ಪಿಲಾರಮ್ಮಂಗೆ ನನ್ನ ಮೇಲಿನ ಕೋಪ ಹೋಯ್ತೇನೆ?"

ಗಾಲ್ವೇಯ ಮೇಜಿನ ಮೇಲಿದ್ದ ಬಾಟಲಿಯನ್ನು ನಾನು ತಿರುಗಿಸಿ ನೋಡಿದೆ. ಅದೇ ಹೆಸರು. ಅದೇ ಮೀಸೆಯ ಮುತ್ತಜ್ಜ. ಕೆಳಗೆ, ಇಂದಿಗೂ ಒಂದೇ ಕುಟುಂಬದ ಕೈಯಲ್ಲಿ ಎಂಬಂತೆ, ನಾಲ್ಕು ತಲೆಮಾರಿನ ಗುಣಗಾನ. ಗೆಳತಿ ರುಚಿ ನೋಡಿ "ಗ್ರ್ಯಾಂಡ್" ಎಂದಳು. ನಾನೂ ಒಂದು ಗುಟುಕು ಕುಡಿದೆ. ಹುಳಿಯಾಗಿರಲಿ, ನೀರಾಗಿರಲಿ, ಏನಾದರೂ ಕೆಟ್ಟಿರಲಿ ಎಂದು ಮನಸಾರೆ ಬೇಡಿಕೊಂಡಿದ್ದೆ.

ಚೆನ್ನಾಗಿತ್ತು, ಅಜ್ಜಿ. ತುಂಬಾ ಚೆನ್ನಾಗಿತ್ತು.