ಕಾಕಾನ ಚುಟ್ಟಾದ ಚರಿತ್ರೆ

ನಾನು ಈವರೆಗೆ ಒಂದು ಬೀಡಿಯನ್ನೂ ಸೇದಿದವನಲ್ಲ. ಊದಿನಕಡ್ಡಿಯ ಹೊಗೆಗೇ ಕೆಮ್ಮಿ ಆರತಿ ಆರಿಸಿದ ಖ್ಯಾತಿ ನನ್ನದು. ಅಂಥವನಿಗೆ ಸಿಗಾರಿನ ಚರಿತ್ರೆ ಬರೆಯುವ ಕೆಲಸ ಬಂತೆಂದರೆ, ನಮ್ಮ ಮನೆತನದಲ್ಲಿ ಬರೆಯಬಲ್ಲವರ ಬರ ಎಷ್ಟಿದೆ ಎಂದು ನೀವೇ ತಿಳಿಯಿರಿ.

ಬರೆಯಲು ಹೇಳಿದವನು ನನ್ನ ಕಾಕಾನ ಮಗ ಶಿವಾನಂದ. ಮುರಗೋಡದಲ್ಲಿ ಕಾಕಾ ಜೀವಮಾನವಿಡೀ ಕೈಯಿಂದ ಸುತ್ತಿ, ಸವದತ್ತಿ ಸಂತೆಯಲ್ಲಿ ದಾರ ಕಟ್ಟಿ ಮಾರುತ್ತಿದ್ದ ಚುಟ್ಟಾವನ್ನು ಇವನೀಗ ಸಾಗುವಾನಿ ಡಬ್ಬಿಯಲ್ಲಿಟ್ಟು, ಬಂಗಾರದ ಬಣ್ಣದ ಪಟ್ಟಿ ಸುತ್ತಿ, ‘ಪ್ರೀಮಿಯಂ ಸಿಗಾರ್’ ಮಾಡಿದ್ದಾನೆ. ಮುಚ್ಚಳದ ಮೇಲೆ ತೀರಿಹೋದ ಕಾಕಾನ ಫೋಟೋ, ಒಳಗೆ ನನ್ನ ಬರಹ, ಇಷ್ಟು ಅವನ ಆಸೆ. ಫೋಟೋಕ್ಕೆ ಅವನ ತಾಯಿ, ನಮ್ಮ ಕಾಕು, ಒಪ್ಪಬೇಕಿತ್ತು. ಅವಳಿನ್ನೂ ಹೂಂ ಅಂದಿರಲಿಲ್ಲ.

“ಅಣ್ಣಾ, ಛಂದಂಗ ಬರಿ. ಪರಂಪರಾ ಅನ್ನೂದು ಬರಬೇಕ ನೋಡು,” ಅಂದ.

ಪರಂಪರೆಗೇನು ಕೊರತೆ? ತಂಬಾಕು ಪೋರ್ಚುಗೀಸರ ಹಡಗಿನಲ್ಲಿ ಬಂತಂತೆ. ಮೆಣಸಿನಕಾಯಿಯೂ ಅವರೊಂದಿಗೇ ಬಂತಂತೆ. ಮೆಣಸಿನಕಾಯಿ ನಮ್ಮ ರೊಟ್ಟಿಯ ಪಕ್ಕ ಕೂತಿತು, ತಂಬಾಕು ನಮ್ಮ ಕಟ್ಟೆಯ ಮೇಲೆ. ಕಾಕಾ ಎಲೆಯ ಹದವನ್ನು ತುಟಿಗೆ ಹಚ್ಚಿ ನೋಡುತ್ತಿದ್ದ, ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸುತ್ತಿದ್ದ. ನಡುನಡುವೆ ಒಂದನ್ನು ಸೇದಿ ನೋಡುವುದೂ ಕಸುಬೇ. ಇಲ್ಲಿಯವರೆಗೆ ಸಲೀಸಾಗಿ ಬರೆದೆ.

ಮುಂದಿನದೇ ಫಜೀತಿ. ಕಾಕಾನ ನಾಲಿಗೆಯ ಮೇಲೆ ಹುಣ್ಣಾಯಿತು. ಬೆಳಗಾವಿಯಲ್ಲಿ ಅರ್ಧ ನಾಲಿಗೆ ಕತ್ತರಿಸಿದರು. ಸಂತೆಯನ್ನೆಲ್ಲ ನಗಿಸುತ್ತಿದ್ದ ಮನುಷ್ಯ ಆಮೇಲೆ ಮಾತಾಡಲಿಲ್ಲ, ಗಂಜಿ ಬಿಟ್ಟು ಏನನ್ನೂ ನುಂಗಲಿಲ್ಲ. ಅವನು ಹೋದಾಗ ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚು ಬಂತು. ಯಾರ ಮೇಲೆ ಎಂಬುದು ಇನ್ನೂ ಗೊತ್ತಾಗಿಲ್ಲ.

ಮಹಾನವಮಿ ಅಮಾವಾಸ್ಯೆಗೆ, ಅಂದರೆ ಮಹಾಲಯಕ್ಕೆ, ನಮ್ಮಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಬದುಕಿದ್ದಾಗ ಅವರು ಇಷ್ಟಪಟ್ಟದ್ದನ್ನೆಲ್ಲ ಫೋಟೋದ ಮುಂದಿಡುವುದು ಪದ್ಧತಿ. ಹೋಳಿಗೆ, ಚಹಾ, ಎಲೆಅಡಿಕೆ, ನಶ್ಯ, ಎಲ್ಲ ನಡೆಯುತ್ತದೆ. ಸತ್ತವರಿಗೆ ಪಥ್ಯವಿಲ್ಲ. ಈ ಸಲ ಶಿವಾನಂದ ತನ್ನ ಹೊಸ ಡಬ್ಬಿ ತೆರೆದು ಕಾಕಾನ ಮುಂದಿಟ್ಟ. ಮುಚ್ಚಳಕ್ಕೆ ಇದೇ ಚಿತ್ರ ಎಂದು ಮೊಬೈಲ್ ಹಿಡಿದ.

“ಅಪ್ಪಗ ಇದರಷ್ಟು ಪ್ರೀತಿದ್ದು ಯಾವುದೂ ಇರಲಿಲ್ಲಬೇ,” ಅಂದ.

ಕಾಕು ಡಬ್ಬಿ ಎತ್ತಿ ಮಗನ ಕೈಗೆ ಕೊಟ್ಟಳು. ಒಳಗೆ ಹೋಗಿ, ಹಬ್ಬದ ದಿನ ಯಾರೂ ಕೇಳದ ಜೋಳದ ರೊಟ್ಟಿಯೊಂದನ್ನು ತಂದು, ಮೇಲೆ ಕೆಂಪು ಖಾರ ಹಾಕಿ ಅಲ್ಲಿಟ್ಟಳು.

“ದವಾಖಾನಿಯಿಂದ ಬಂದ ಮ್ಯಾಲೆ, ನಾ ರೊಟ್ಟಿ ಬಡಿಯುವಾಗ ಒಲಿ ಮುಂದ ಬಂದು ಕುಂದ್ರತಿದ್ರು. ಬರೇ ವಾಸನಿ ತಗೊಂಡು ಎದ್ದು ಹೋಗತಿದ್ರು. ಇವತ್ತರ ತಿನ್ನಲಿ. ಫೋಟೋ ಬೇಕಂದ್ರ ಈಗ ತಗಿ.”

ಶಿವಾನಂದ ಮೊಬೈಲನ್ನು ಕಿಸೆಗೆ ಹಾಕಿದ.

ಎಡೆ ಇಳಿಸಿ ಆ ರೊಟ್ಟಿಯನ್ನು ಮನೆಯವರೆಲ್ಲ ಹಂಚಿಕೊಂಡೆವು. ತನ್ನ ಪಾಲಿನ ತುಂಡನ್ನು ಬಾಯಲ್ಲಿಟ್ಟುಕೊಂಡು ಶಿವಾನಂದ ಬಹಳ ಹೊತ್ತು ಕೂತಿದ್ದ. ನಾಲಿಗೆ ಸರಿಯಾಗೇ ಇದ್ದವನಿಗೂ ಅದನ್ನು ನುಂಗಲು ಆಗಲಿಲ್ಲ.

ಚರಿತ್ರೆ ಯಾವಾಗ ಕೊಡತಿ ಎಂದು ಆಮೇಲೆ ಅವನು ಕೇಳಿಲ್ಲ. ಕೇಳಿದರೆ ಕೊಡಲು ನನ್ನ ಹತ್ತಿರ ಇಲ್ಲಿ ಬರೆದ ಇದೊಂದೇ ಇದೆ.