ಬೊಟ್ಟಿನಷ್ಟು ಜಾಗ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಓಡಾಡುತ್ತಿರುವ ಹರೆಯದವರನ್ನು ಹಿಡಿದು ನಿಲ್ಲಿಸಿ ಅಂಗಿಯ ತೋಳು ಮೇಲೇರಿಸಿ ನೋಡಿದರೆ, ಅರ್ಧಕ್ಕರ್ಧ ಮಂದಿಯ ತೋಳಿನಲ್ಲಿ ಶ್ರೀಮಾನ್ ಕೋದಂಡರಾಮಪ್ಪನವರ ಕೈಗುರುತು ಸಿಕ್ಕೇ ಸಿಗುತ್ತದೆ. ಸಿಡುಬಿಗೆ ದಾಕು ಹಾಕುವ ಕೆಲಸವನ್ನು ಹೊಟ್ಟೆಪಾಡಿಗೆಂದು ಹಿಡಿದವರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಆಗಿಹೋಗಿದ್ದಾರೆ. ಅದನ್ನು ಸ್ವಂತ ಮನೆಯ ಮಾನಮರ್ಯಾದೆಯ ವಿಷಯವೆಂಬಂತೆ ಹಚ್ಚಿಕೊಂಡು ಆಯುಷ್ಯ ಸವೆಸಿದವರು ಇವರು ಎಂದರೆ ಉಳಿದವರು ಮುನಿಸಿಕೊಳ್ಳಬಾರದು. ಈ ವರ್ಷ ಅವರು ನಿವೃತ್ತರಾದರು. ಅವರನ್ನು ಹೊಗಳುವುದು ಸುಲಭ, ಹೊಗಳುವವರಿಗೂ ಬರವಿಲ್ಲ. ಆದರೆ ಹೊಗಳುವವರೆಲ್ಲರೂ ಮೂವತ್ತೇಳನೆಯ ಇಸವಿಯ ಬೇಸಿಗೆಯ ಹತ್ತಿರ ಬಂದೊಡನೆ ಗಂಟಲು ಸರಿಮಾಡಿಕೊಂಡು ಬೇರೆ ಮಾತಿಗೆ ಹೊರಳಿಬಿಡುತ್ತಾರೆ. ಅವರ ಗೌರವಕ್ಕೆಂದು ತರುತ್ತಿರುವ ಈ ಸಂಪುಟದ ವಿಚಾರ ತಿಳಿದಾಗ ಅವರೇ ಹೇಳಿದ್ದು ಇಷ್ಟು: "ಬರೆಯೋದಾದ್ರೆ ಅದನ್ನೂ ಬರೀರಿ. ಇಲ್ದಿದ್ರೆ ಒಂದು ಹಾರ ಹಾಕಿ ಕಳಿಸಿಬಿಡಿ." ಆದ್ದರಿಂದ ಬರೆಯದೆ ವಿಧಿಯಿಲ್ಲ.

ಕೋದಂಡರಾಮಪ್ಪನವರು ಕೆಲಸಕ್ಕೆ ಸೇರಿದ್ದು ಮಾಲೂರಿನಲ್ಲಿ, ಮೀಸೆ ಇನ್ನೂ ಸರಿಯಾಗಿ ಮೂಡದ ವಯಸ್ಸಿನಲ್ಲಿ. ಅವರ ಸೈಕಲ್ಲಿನ ಗಂಟೆ ಊರ ಬಾಗಿಲಲ್ಲಿ ಕೇಳಿದರೆ ಸಾಕು, ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಹಿತ್ತಿಲ ಬಾಗಿಲಿನಿಂದ ಹುಣಸೇತೋಪಿಗೆ ಓಡುತ್ತಿದ್ದರು. ಓಡಲಾರದ ಅಜ್ಜಿಯರು ಮೊಮ್ಮಕ್ಕಳನ್ನು ರಾಗಿಯ ಗುಡಾಣದೊಳಗೆ ಇಳಿಸಿ ಮೇಲೆ ಮೊರ ಮುಚ್ಚಿ ಏನೂ ಅರಿಯದವರಂತೆ ಕುಳಿತಿರುತ್ತಿದ್ದರು. ಬೇರೆಯವರು ಇಂಥ ಹೊತ್ತಿನಲ್ಲಿ ತಳವಾರನನ್ನು ಕರೆಸಿ ಗದರಿಸುವುದುಂಟು. ಇವರು ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕೇಳುತ್ತಿದ್ದರು. ಜೇಬಿನಿಂದ ಹುರಿಗಡಲೆ ಬೆಲ್ಲ ತೆಗೆದು ತಮ್ಮಷ್ಟಕ್ಕೆ ತಾವು ಮೆಲ್ಲುತ್ತ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಗುಡಾಣದೊಳಗಿಂದ ತಲೆ ತಾನಾಗಿಯೇ ಮೇಲೆ ಬರುತ್ತಿತ್ತು.

ಮುಂದೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಅಲ್ಲಿ ಒಂದು ಕೂಸಿನ ತೋಳು ದಾಕಿನಿಂದ ಬಾತುಕೊಂಡು, ಅದರ ಅಪ್ಪ ಮಚ್ಚು ಹಿಡಿದು ಬೀದಿಗೆ ಬಂದ. ಮತ್ತೊಬ್ಬರಾಗಿದ್ದರೆ ಸೈಕಲ್ ಹತ್ತಿ ಪರಾರಿಯಾಗುತ್ತಿದ್ದರು, ಅದರಲ್ಲಿ ತಪ್ಪೂ ಇರಲಿಲ್ಲ. ಇವರು ಊತ ಇಳಿಯುವವರೆಗೂ ಅದೇ ಮನೆಯ ಜಗಲಿಯಲ್ಲಿ ಗೋಣಿತಾಟು ಹಾಸಿಕೊಂಡಿದ್ದು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಶಾಖ ಕೊಟ್ಟರು. ಕೂಸು ಗೆಲುವಾಗಿ ನಕ್ಕ ದಿನ ಆ ಅಪ್ಪ ಅದೇ ಮಚ್ಚಿನಿಂದ ಎಳನೀರು ಕೆತ್ತಿ ಇವರ ಕೈಗೆ ಕೊಟ್ಟ. ಇಂದಿಗೂ ಮಾವಿನ ಕಾಲಕ್ಕೆ ಆ ಮನೆಯಿಂದ ಒಂದು ಬುಟ್ಟಿ ಹಣ್ಣು ಕೋಲಾರದ ಕಚೇರಿಗೆ ಬರುತ್ತದೆ. ಅದರಲ್ಲಿ ನಾವೆಲ್ಲ ನಾಚಿಕೆಯಿಲ್ಲದ ಪಾಲುದಾರರು.

ಇನ್ನು ಆ ಬೇಸಿಗೆ. ಅವರು ಆಗ ಮುಳಬಾಗಿಲಿನಲ್ಲಿದ್ದರು. ಸಿಡುಬು ಚಿತ್ತೂರು ಕಡೆಯಿಂದ ಎದ್ದು, ಸಂತೆ ನಂಟಸ್ತನಗಳ ಬೆನ್ನು ಹತ್ತಿ ಬೈರಕೂರು ಹೋಬಳಿಗೆ ಕಾಲಿಟ್ಟಿತ್ತು. ಆವನಿಯ ಸುತ್ತಮುತ್ತ ಜನ ಹೇಗೋ ತೋಳು ಒಡ್ಡಿದರು. ಗಡಿಗೆ ಅಂಟಿಕೊಂಡಂತಿರುವ ಚಿಂತಮಾನಿಪಲ್ಲಿಯಲ್ಲಿ ಮಾತ್ರ ಒಬ್ಬರೂ ಬಾಗಿಲು ತೆರೆಯಲಿಲ್ಲ. ಪಟೇಲ ಮುನಿರಾಮಪ್ಪನವರು ಒಳ್ಳೆಯವರು. ತಮ್ಮ ಮಾತು ಈ ವಿಷಯದಲ್ಲಿ ಮೂರು ಕಾಸಿಗೂ ನಡೆಯುವುದಿಲ್ಲವೆಂದು ಒಪ್ಪಿಕೊಂಡು, ಗಂಗಮ್ಮನ ಗುಡಿಯ ಕಡೆ ಕೈ ತೋರಿಸಿದರು. ಆ ಗುಡಿಯ ಸೇವೆ ದೊಡ್ಡವೆಂಕಟಮ್ಮ ಎಂಬ ಮುದುಕಿಯದು. ಊರಲ್ಲಿ ಯಾರ ಮೈಮೇಲೆ ಸಿಡುಬಿನ ಅಮ್ಮ ಎದ್ದರೂ ಬೇವು ಅರಿಶಿನದ ನೀರು ಹಾಕುವವರು ಅವರೇ. ಮಗನೂ ಸೊಸೆಯೂ ಹಿಂದಿನ ಪ್ಲೇಗಿನಲ್ಲಿ ತೀರಿಹೋಗಿ, ಮನೆಯಲ್ಲಿ ಉಳಿದದ್ದು ಮೊಮ್ಮಗಳು ಚಿಕ್ಕಗಂಗಮ್ಮ ಒಬ್ಬಳೇ. ಅಜ್ಜಿಯ ಸೆರಗು ಬಿಡದ ಆ ಹುಡುಗಿಯನ್ನು ಊರೆಲ್ಲ ಚಿಕ್ಕಿ ಎನ್ನುತ್ತಿತ್ತು.

ಕೋದಂಡರಾಮಪ್ಪನವರು ಚಪ್ಪಲಿ ಬಿಟ್ಟು ಗುಡಿಯ ಮೆಟ್ಟಿಲ ಮೇಲೆ ಕುಳಿತರು. ಮುದುಕಿ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೇಳಿದರು: "ಅಮ್ಮನ್ನ ಬರ್ಬೇಡ ಅನ್ನಕ್ಕೆ ನೀನ್ಯಾರು ನಾಯನಾ?"

"ಬರ್ಬೇಡ ಅನ್ನಲ್ಲಮ್ಮ. ತೋಳಿನ ಮೇಲೆ ಬೊಟ್ಟಿನಷ್ಟು ಜಾಗ ಬಿಟ್ಟುಕೊಡ್ತೀವಿ. ಅಲ್ಲೇ ಕೂತು ದಣಿವಾರಿಸ್ಕೊಂಡು ಹೋಗು ತಾಯಿ, ಮೈಯೆಲ್ಲ ಬೇಡ ಅಂತ ಕೇಳ್ಕೊತೀವಿ."

ಆಹಾ, ಎಂಥ ಮಾತು! ಯಾವ ಪುಸ್ತಕದಲ್ಲೂ ಇರದ ಮಾತು, ಆ ಕ್ಷಣಕ್ಕೆ ಅವರ ನಾಲಿಗೆಗೆ ಬಂದದ್ದು. ಮುದುಕಿ ಒಪ್ಪಿದರು. ಒಂದೇ ಒಂದು ಕಟ್ಟು ಹಾಕಿದರು: ಅಮ್ಮನನ್ನು ಕರೆದು ಕೂರಿಸಿದ ಮೇಲೆ ನೀರು ಹಾಕದೆ ಕಳಿಸುವುದು ಮರ್ಯಾದೆಯಲ್ಲ, ದಾಕು ಹಾಕಿಸಿಕೊಂಡ ಮಕ್ಕಳೆಲ್ಲ ಗುಡಿಯ ಮುಂದೆ ನಿಂತು ನೀರು ಹಾಕಿಸಿಕೊಂಡೇ ಮನೆಗೆ ಹೋಗಬೇಕು. ಕೋದಂಡರಾಮಪ್ಪನವರು ಒಂದು ಗಳಿಗೆ ಯೋಚಿಸಿದರು. ಮದ್ದು ಒಣಗುವವರೆಗೆ ತಡೆದರೆ ಸಾಕಲ್ಲ, ಆಮೇಲೆ ನೀರು ಬಿದ್ದರೇನು ಎಂದುಕೊಂಡು, ಒಣಗಿದ ಮೇಲೆ ಹಾಕುವುದಾದರೆ ಆಗಲಿ ಎಂದರು.

ಮಾರನೆಯ ದಿನ ಆ ಊರಿನಲ್ಲಿ ಹಬ್ಬವೇ ಆಯಿತು. ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಕರೆತಂದರು. ಮೊದಲು ತೋಳು ಒಡ್ಡಿದವಳು ಚಿಕ್ಕಿ. ತುಟಿ ಕಚ್ಚಿಕೊಂಡು ನಿಂತಳೇ ಹೊರತು ಅಳಲಿಲ್ಲ. ಒಂದೊಂದು ಮಗು ಎದ್ದು ಬಂದಂತೆ ದೊಡ್ಡವೆಂಕಟಮ್ಮ ಅದನ್ನು ಹತ್ತಿರ ಸೆಳೆದುಕೊಂಡು, ಗೀರಿದ ಜಾಗಕ್ಕೆ ಅರೆದ ಬೇವು ಅರಿಶಿನ ಹಚ್ಚಿ ಮೃದುವಾಗಿ ತಿಕ್ಕಿ, ಹಿತ್ತಾಳೆ ಬಿಂದಿಗೆಯಿಂದ ನೀರು ಸುರಿದರು. ಜನರ ಸಂತೋಷದಲ್ಲಿ ಒಣಗುವ ಮಾತು ಯಾರಿಗೆ ನೆನಪಿರುತ್ತದೆ? ಕೋದಂಡರಾಮಪ್ಪನವರು ನೋಡಿದರು. ಒಮ್ಮೆ ಬಾಯಿ ತೆರೆದೂ ತೆರೆದರಂತೆ. ಅಷ್ಟರಲ್ಲಿ ಪಟೇಲರು ಅವರ ಕೊರಳಿಗೆ ಕಣಗಿಲೆ ಹಾರ ಹಾಕಿದರು. ಸುದ್ದಿ ಕೋಲಾರಕ್ಕೆ ಮುಟ್ಟಿ, ದೇವಿಯನ್ನೂ ಸರ್ಕಾರವನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದ ಚತುರರೆಂದು ಕಚೇರಿಯಲ್ಲಿ ಎಲ್ಲರೂ ಅವರನ್ನು ಕೊಂಡಾಡಿದ್ದೇ ಕೊಂಡಾಡಿದ್ದು.

ದಾಕು ಎದ್ದಿದೆಯೇ ಇಲ್ಲವೇ ಎಂದು ಎಂಟನೆಯ ದಿನ ಬಂದು ನೋಡುವುದು ಪದ್ಧತಿ. ಎದ್ದಿದ್ದರೆ ಅಲ್ಲಿ ಹಾಲುತುಂಬಿದ ಕಾಳಿನಂಥ ಗುಳ್ಳೆ ಇರುತ್ತದೆ. ಕೋದಂಡರಾಮಪ್ಪನವರು ಹುರಿಗಡಲೆಯ ಜೇಬು ತುಂಬಿಕೊಂಡು, ನೆಂಟರ ಮನೆಗೆ ಬಂದವರಂತೆ ಬಂದರು. ಮೊದಲ ಮನೆಯ ಮಗುವಿನ ತೋಳು ನುಣ್ಣಗಿತ್ತು. ಒಂದೊಂದು ಹೀಗಾಗುವುದುಂಟು ಎಂದುಕೊಂಡು ಎರಡನೆಯ ಮನೆಗೆ ಹೋದರು. ಅಲ್ಲಿಯೂ ನುಣ್ಣಗೆ. ಆ ಕೇರಿ ಮುಗಿಸಿ ಈ ಕೇರಿಗೆ ಬಂದರು. ಎತ್ತಿದ ತೋಳೆಲ್ಲ ನುಣ್ಣಗೆ, ಗೀರಿದ ಗುರುತೂ ಮಾಯುತ್ತ ಬಂದಿತ್ತು. ಮಕ್ಕಳು ಕೈಚಾಚಿದರೂ ಹುರಿಗಡಲೆ ಕೊಡುವುದು ಮರೆತುಹೋಯಿತು.

ಕಟ್ಟಕಡೆಯ ಮನೆಯಲ್ಲಿ ಆವಲಮ್ಮ ಎಂಬ ಬಾಣಂತಿ ಇದ್ದಳು. ಸೂತಕದ ಮನೆಯೆಂದು ಅವಳ ಹಸುಗೂಸಿಗೆ ಹೊಸ್ತಿಲಲ್ಲೇ ದಾಕು ಹಾಕಿದ್ದರು. ಗುಡಿಯ ಮುಂದೆ ತರುವಂತಿರಲಿಲ್ಲ, ನೀರು ಹಾಕುವಂತೆಯೂ ಇರಲಿಲ್ಲ. ಅವಳು ಬಟ್ಟೆ ಸರಿಸಿ ಕೂಸಿನ ತೋಳು ತೋರಿಸಿದಳು. ದುಂಡನೆಯ, ತುಂಬಿದ, ಲಕ್ಷಣವಾದ ಗುಳ್ಳೆ. ಇಡೀ ಊರಿನಲ್ಲಿ ಅದೊಂದೇ.

ಕೋದಂಡರಾಮಪ್ಪನವರು ಆ ಹೊಸ್ತಿಲ ಮೇಲೆಯೇ ಕುಸಿದು ಕುಳಿತರು. ಸಿಡಿಲು ಬಡಿದವರಂತೆ ಎಂದು ಬರೆಯುವುದು ವಾಡಿಕೆ. ಆದರೆ ಅವರು ಹೇಳುವುದು ಬೇರೆ. ತಲೆಯಲ್ಲಿ ಏನೂ ಇರಲಿಲ್ಲವಂತೆ. ಆವಲಮ್ಮ ನೀರು ಬೇಕೇ ಎಂದು ಕೇಳಿದ್ದು ಮಾತ್ರ ಕೇಳಿಸಿ, ನೀರು ಎಂಬ ಆ ಮಾತಿನಿಂದಲೇ ಎಲ್ಲ ಹೊಳೆಯಿತಂತೆ. ಅಷ್ಟು ಮಕ್ಕಳ ತೋಳಿನ ಮದ್ದನ್ನು ತಮ್ಮ ಕಣ್ಣೆದುರಿಗೇ, ತಮ್ಮ ಒಪ್ಪಿಗೆಯಿಂದಲೇ ತೊಳೆದುಹಾಕಲಾಗಿತ್ತು. ಅದೂ ಅಲಕ್ಷ್ಯದಿಂದಲ್ಲ, ಭಕ್ತಿಯಿಂದ. ಅಮ್ಮ ತೋಳಿಗೆ ಬರುತ್ತಾಳೆಂದು ಹೇಳಿಕೊಟ್ಟವರು ಅವರು. ನಂಬಿದ ಜನ ಅಮ್ಮನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ್ದರು.

ಅದೇ ಹೊತ್ತಿಗೆ ಪಟೇಲರು ಏದುಸಿರು ಬಿಡುತ್ತ ಬಂದರು. ಚಿಕ್ಕಿಗೆ ಎರಡು ಮೂರು ದಿನದಿಂದ ಸುಡುವ ಜ್ವರ, ಈಗ ಹಣೆಯ ಮೇಲೆ ಕಾಣಿಸಿಕೊಂಡಿದೆ, ದೊಡ್ಡವೆಂಕಟಮ್ಮನ ಬಾಗಿಲಿಗೆ ಬೇವು ಕಟ್ಟಿದ್ದಾರೆ. ತೋಳುಗಳ ಸಂಗತಿ ಕೇಳಿ ಪಟೇಲರೂ ಬಿಳಿಚಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಉಪಾಯ ಹೇಳಿದರು: ಮದ್ದು ಬಿಸಿಲಿಗೆ ಕೆಟ್ಟಿತ್ತು ಅಂದುಬಿಡಿ, ಯಾರೂ ಕೇಳುವುದಿಲ್ಲ. ಕೋದಂಡರಾಮಪ್ಪನವರು ಯೋಚಿಸಿದರು: ಹಾಗೆ ಅಂದರೆ ಜನ ಮದ್ದನ್ನು ಇನ್ನೆಂದೂ ನಂಬುವುದಿಲ್ಲ. ನೀರಿನಿಂದ ಹೋಯಿತು ಅಂದರೆ ಮುದುಕಿಯನ್ನು ಊರು ಬಿಡುವುದಿಲ್ಲ. ಸುಮ್ಮನಿದ್ದರೆ ಇಷ್ಟೂ ಮಕ್ಕಳು ಹಾಗೆಯೇ ಉಳಿಯುತ್ತಾರೆ, ಸಿಡುಬು ಆಗಲೇ ಊರೊಳಗೆ ಬಂದಾಗಿದೆ.

ಅವರು ನೇರವಾಗಿ ಬೇವು ಕಟ್ಟಿದ ಬಾಗಿಲಿಗೆ ಹೋದರು. ಒಳಗೆ ಹೋಗುವಂತಿಲ್ಲ; ಬೀದಿಯಲ್ಲೇ ನಿಂತು, ಒಳಗಿದ್ದ ಮುದುಕಿಗೆ ನಡೆದದ್ದನ್ನೆಲ್ಲ ಹೇಳಿದರು. ಒಳಗಿನಿಂದ ದನಿ ಬಂತು: "ನನ್ ಕೈಯಾರ ತೊಳ್ದುಬಿಟ್ನಾ?"

"ನಿನ್ನ ಕೈ ಅಲ್ಲಮ್ಮ, ನನ್ನ ಬಾಯಿ. ಆಗಲಿ ಅಂದೋನು ನಾನು."

ಅವರು ಅರಳಿಕಟ್ಟೆಗೆ ಬಂದು ಜನರನ್ನು ಸೇರಿಸಿ, ಮದ್ದು ಕೆಟ್ಟಿರಲಿಲ್ಲ, ಅಮ್ಮನಿಗೂ ಕೋಪ ಬಂದಿಲ್ಲ, ತಪ್ಪಿದ್ದು ನಾನು, ಎಲ್ಲರಿಗೂ ಮತ್ತೆ ಹಾಕಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಮೊದಲು ಯಾರಿಗೂ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಗುರುವಪ್ಪ ಎಂಬ ರೈತ ಎದ್ದು ಬಂದು ಅವರ ಅಂಗಿಯ ಕೊರಳಪಟ್ಟಿ ಹಿಡಿದ. "ನಮ್ ಮಕ್ಳ ತೋಳೇನು ನಿಂಗೆ ಆಟದ ಸಾಮಾನಾ?" ಎಂದ. ದಾಕಿನ ಪೆಟ್ಟಿಗೆಯನ್ನು ಯಾರೋ ಕಿತ್ತು ಮೋರಿಯ ಕಡೆ ಎತ್ತಿದರು. ಅದೊಂದು ಒಡೆದರೆ ಮುಳಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಏನಾಗುವುದೋ ಯಾರಿಗೂ ಗೊತ್ತಿರಲಿಲ್ಲ. ಕೋದಂಡರಾಮಪ್ಪನವರು ಕೈ ಎತ್ತಲಿಲ್ಲ. ಪೆಟ್ಟಿಗೆಯೊಂದನ್ನು ಬಿಡಿ, ನನ್ನನ್ನು ಏನು ಬೇಕಾದರೂ ಮಾಡಿ ಎಂದು ಬೇಡಿಕೊಂಡರು.

ಆಗ ಜನ ಇಬ್ಭಾಗವಾಗಿ ದಾರಿ ಬಿಟ್ಟರು. ದೊಡ್ಡವೆಂಕಟಮ್ಮ ಬರುತ್ತಿದ್ದರು. ಅಮ್ಮ ಇರುವ ಮನೆಯಿಂದ ಯಾರೂ ಹೊರಗೆ ಬರಕೂಡದೆಂಬ ಕಟ್ಟಳೆಯನ್ನು ಊರಿಗೆಲ್ಲ ಹೇಳಿಕೊಡುತ್ತಿದ್ದವರೇ ಅವರು. ಕಂಕುಳಲ್ಲಿ ಗುಡಿಯ ಹಿತ್ತಾಳೆ ಬಿಂದಿಗೆ. ಅದನ್ನು ಎಲ್ಲರೂ ಕಾಣುವಂತೆ ಕಟ್ಟೆಯ ಕೆಳಗೆ ಬೋರಲು ಹಾಕಿ, ಜನರಿಂದ ದೂರವಾಗಿ ನೆಲದ ಮೇಲೆ ಕುಳಿತು, ತಮ್ಮ ಸುಕ್ಕುಗಟ್ಟಿದ ತೋಳಿನ ಸೆರಗು ಸರಿಸಿದರು.

"ಹಕ್ಕಳೆ ಉದುರೋವರ್ಗೂ ಈ ಬಿಂದಿಗೆ ಎತ್ತಲ್ಲ. ಅಮ್ಮ ಕೇಳಿದ್ರೆ ನಾನ್ ಜವಾಬು ಹೇಳ್ತೀನಿ. ಮೊದಲು ನಂಗ್ ಹಾಕು ಸಾಮಿ."

ಪೆಟ್ಟಿಗೆ ಹಿಡಿದಿದ್ದವನು ಅದನ್ನು ತಂದು ಕೋದಂಡರಾಮಪ್ಪನವರ ಮುಂದೆ ಇಟ್ಟ. ಮುದುಕಿಯ ಹಿಂದೆ ಗುರುವಪ್ಪನೇ ತನ್ನ ಮಗನನ್ನು ಎತ್ತಿಕೊಂಡು ನಿಂತ. ಸಂಜೆಯೊಳಗೆ ಊರೆಲ್ಲ ಮುಗಿಯಿತು. ಯಾರೂ ಹಾರ ತರಲಿಲ್ಲ.

ಈ ಸಲ ದಾಕು ಎದ್ದಿತು. ಕೆಲವರಿಗೆ ಸಿಡುಬು ತಗುಲಿದರೂ ಹಗುರವಾಗಿ ಹೋಯಿತು. ಆ ಊರಿನಲ್ಲಿ ಮತ್ತೊಂದು ಮಗು ಸಾಯಲಿಲ್ಲ. ಮತ್ತೊಂದು ಎನ್ನಬೇಕಾಗಿದೆ, ಏಕೆಂದರೆ ತೋಳುಗಳನ್ನು ನೋಡಲು ಕೋದಂಡರಾಮಪ್ಪನವರು ಎರಡನೆಯ ಸಲ ಬಂದ ದಿನದ ಹೊತ್ತಿಗೆ ಚಿಕ್ಕಿಯನ್ನು ಮಣ್ಣು ಮಾಡಿ ಬಂದಿದ್ದರು. ಅಯ್ಯೋ, ಮೊದಲು ತೋಳು ಒಡ್ಡಿದ ಕೂಸು! ಅವರು ಗುಡಿಯ ಬಳಿ ನಿಂತಿದ್ದಾಗ, ದೊಡ್ಡವೆಂಕಟಮ್ಮನೇ ಎದ್ದು ಅವರ ಜೊತೆ ಮನೆಮನೆಗೂ ಬಂದು, ಒಂದೊಂದು ಮಗುವಿನ ಗುಳ್ಳೆಯನ್ನೂ ಬಗ್ಗಿ ನೋಡಿದರು. ಹಕ್ಕಳೆ ಉದುರಿದ ಮೇಲೆ ಇವರು ಮತ್ತೆ ಹೋದಾಗ, ಬಿಂದಿಗೆ ಬೋರಲಾಗಿಯೇ ಇತ್ತು. "ಈಗ ಹಾಕ್ಬೋದಾ ಸಾಮಿ?" ಎಂದು ಮುದುಕಿ ಕೇಳಿದರು. ಇವರು ಹೂಂ ಎಂದು ತಲೆಯಾಡಿಸಿದರು.

ಅಂದಿನಿಂದ ಕೋದಂಡರಾಮಪ್ಪನವರು ಆ ಬೊಟ್ಟಿನ ಮಾತನ್ನು ಎಲ್ಲಿಯೂ ಆಡಿದ್ದಿಲ್ಲ. ಯಾವ ಊರಿಗೆ ಹೋದರೂ ಮೊದಲು ನೀರಿನ ವಿಷಯ ಹೇಳಿ, ಚಿಂತಮಾನಿಪಲ್ಲಿಯಲ್ಲಿ ಏನಾಯಿತೆಂದು ತಮ್ಮ ಹೆಸರು ಹಿಡಿದೇ ಹೇಳುತ್ತಿದ್ದರು. ಹಾಗೆ ಹೇಳಿ ಮಾನ ಕಳೆದುಕೊಳ್ಳುವುದೇಕೆಂದು ನಾವು ಕೇಳಿದ್ದುಂಟು; ಮಾನಕ್ಕಿಂತ ತೋಳು ದೊಡ್ಡದು ಎಂದು ಅವರು ಗದರಿದ್ದುಂಟು. ನಿವೃತ್ತಿಯ ಮೇಲೂ ಸುಮ್ಮನಿರುವ ಆಸಾಮಿಯಲ್ಲ. ದಾಕು ಹಾಕುವ ಕೆಲಸಕ್ಕೆ ಹೊಸದಾಗಿ ಬಂದಿರುವ ಕದಿರೇಶನನ್ನು ಕರೆದುಕೊಂಡು ಬೈರಕೂರು ಹೋಬಳಿಯ ಊರೂರು ತಿರುಗಿಸುವುದಾಗಿ ಈಗಾಗಲೇ ಒಪ್ಪಿಕೊಂಡಿದ್ದಾರೆ.

ಕೋಲಾರದ ಕಚೇರಿಯ ಅಂಗಳದಲ್ಲಿ ಬೀಳ್ಕೊಡುಗೆಯ ದಿನ ಭಾಷಣಗಳು ನಡೆಯುತ್ತಿದ್ದಾಗ, ಬಸ್ಸಿಳಿದು ವಿಚಾರಿಸಿಕೊಂಡು ಒಬ್ಬ ಮುದುಕಿ ಬಂದರು. ಬೆನ್ನು ಪೂರ್ತಿ ಬಾಗಿತ್ತು, ಕಂಕುಳಲ್ಲಿ ಅದೇ ಬಿಂದಿಗೆ. ಕೋದಂಡರಾಮಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಅಷ್ಟು ವರ್ಷ ಕಾದಿದ್ದ ಬೈಗುಳ ಇವತ್ತು, ಎಲ್ಲರ ಮುಂದೆ ಬಂತು ಎಂದೇ ಅಂದುಕೊಂಡರಂತೆ.

"ಅವತ್ತು ಊರಿಗೆಲ್ಲ ನೀರ್ ಹಾಕ್ದೆ, ನಿಂಗೊಬ್ನಿಗ್ ಹಾಕ್ಲಿಲ್ಲ. ಈಗ ಹಾಕ್ಬೋದಾ ಸಾಮಿ?"

ಅವರು ಪೇಟ ತೆಗೆದು ಮೇಜಿನ ಮೇಲಿಟ್ಟು, ಅಂಗಳಕ್ಕಿಳಿದು, ಮಂಡಿಯೂರಿ ತಲೆ ಬಗ್ಗಿಸಿದರು. ದೊಡ್ಡವೆಂಕಟಮ್ಮ ಬಿಂದಿಗೆ ಎತ್ತಿ, ಬೇವು ಅರಿಶಿನದ ನೀರನ್ನು ಅವರ ನೆತ್ತಿಯ ಮೇಲೆ ಸುರಿಯುತ್ತ ಹೇಳಿದರು: "ನೂರು ವರ್ಷ ಬಾಳು ನಾಯನಾ. ನಮ್ ಚಿಕ್ಕಿದೂ ಸೇರಿಸ್ಕೊಂಡು ಬಾಳು."

ಹಾರ ಹಿಡಿದು ನಿಂತಿದ್ದ ನಾವೆಲ್ಲ ಹಾಗೇ ಆಗಲಿ ಎಂದೆವು.